ಅತ್ತೆಯವರ ಮೂಲ ಊರು ಸಿಕ್ಕಿತು

ತೀರ್ಥರೂಪ ಅಪ್ಪನವರಿಗೆ, ಮಾತೋಶ್ರೀ ಅವ್ವನವರಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಈ ಸಲ ದೊಡ್ಡ ಸುದ್ದಿ ಅಂದರೆ, ನಮ್ಮ ಅತ್ತೆಯವರ ಮುತ್ತಜ್ಜ ಬಿಟ್ಟುಬಂದ ಊರು ಸಿಕ್ಕಿದೆ. ಅವರು ಜೆಕ್ ಮೂಲದವರು ಅಂತ ನಿಮಗೆ ಗೊತ್ತೇ ಇದೆ. 1850ರ ದಶಕದಿಂದ ಈಗಿನ ಜೆಕ್ ದೇಶದ ಬೊಹೆಮಿಯಾ, ಮೊರಾವಿಯಾ ಕಡೆಯ ರೈತರು ಜಮೀನು ಹುಡುಕಿಕೊಂಡು ಹಡಗು ಹತ್ತಿ ಈ ಟೆಕ್ಸಸ್‌ಗೆ ಬಂದು, ಹತ್ತಿ, ಗೋವಿನಜೋಳ ಬೆಳೆದು ನೆಲೆನಿಂತರು. ಮುತ್ತಜ್ಜನ ಸಮಾಧಿ ಕಲ್ಲಿನ ಮೇಲೆ ಹುಟ್ಟಿದ್ದು ಮೊರಾವಿಯಾದ ಲ್ಹೋತಾ ಅಂತ ಕೆತ್ತಿದ್ದಾರೆ. ಜೆಕ್ ನಾಡಿನಲ್ಲಿ ಲ್ಹೋತಾ ಹೆಸರಿನ ಊರುಗಳು ನೂರಾರು. ಅತ್ತೆಯವರ ಹುಡುಕಾಟ ವರ್ಷಗಟ್ಟಲೆ ಅಲ್ಲಿಗೇ ನಿಂತುಹೋಗಿತ್ತು.

ದಾರಿ ತೋರಿಸಿದ್ದು ಡಿಎನ್‌ಎ ಪರೀಕ್ಷೆ. ಕೊಳವೆಯಲ್ಲಿ ಎಂಜಲು ತುಂಬಿ ಕಳಿಸಿದರೆ, ಪರೀಕ್ಷೆ ಮಾಡಿಸಿಕೊಂಡ ಉಳಿದವರ ಜೊತೆ ಎಷ್ಟು ಕೂಡುತ್ತದೆ ಅಂತ ಸೆಂಟಿಮಾರ್ಗನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮೊರಾವಿಯಾದ ಬ್ರನೋ ನಗರದ ಒಬ್ಬ ಹೆಣ್ಣುಮಗಳ ಜೊತೆ 78 ಸೆಂಟಿಮಾರ್ಗನ್ ಕೂಡಿತು. ಇಬ್ಬರ ಮುತ್ತಜ್ಜಂದಿರು ಅಣ್ಣತಮ್ಮಂದಿರಾಗಿದ್ದರೆ ಸರಾಸರಿ 70ರ ಆಸುಪಾಸು ಬರುತ್ತದೆ. ಹಾಗಂತ ಅಂಕಿಯೊಂದನ್ನೇ ನಂಬುವಂತಿಲ್ಲ. ಅಷ್ಟು ದೂರದ ಸಂಬಂಧದಲ್ಲಿ ಹತ್ತರಲ್ಲಿ ಒಬ್ಬರಿಗೆ ಏನೂ ಕೂಡದೆಯೂ ಇರಬಹುದು. ಒಳಗೊಳಗೇ ಹೆಣ್ಣು ಕೊಟ್ಟು ತಂದ ಊರಾದರೆ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ಡಿಎನ್‌ಎ ಸಂಬಂಧ ಇದೆ ಅನ್ನುತ್ತದೆ, ಯಾರ ಕಡೆಯಿಂದ ಅನ್ನುವುದಿಲ್ಲ. ಅದಕ್ಕೆ ಕಾಗದವೇ ಬೇಕು.

ಆ ಹೆಣ್ಣುಮಗಳ ಹಿರಿಯರು ಮೊರಾವಿಯಾದ ವ್ಸೆತೀನ್ ಪಟ್ಟಣದ ಹತ್ತಿರದ ಲ್ಹೋತಾದವರು. ಹಾಗಾಗಿ ಅಲ್ಲಿಯ ಚರ್ಚಿನ ದಾಖಲೆ ಪುಸ್ತಕಗಳನ್ನು ತೆಗೆದೆವು. ಅಪ್ಪಾ, ಸುಗ್ಗಿ ಮುಗಿದ ಮೇಲೆ ನಮ್ಮನೆಗೆ ಬಂದು ವಂಶಾವಳಿ ಓದುವ ಹೆಳವರ ಪುಸ್ತಕ ಇದ್ದಂತೆಯೇ ಅವು. ಆಗ ಆ ನಾಡನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ಊರೂರಿಗೆ ಬೇರೆ, ಹುಟ್ಟು, ಮದುವೆ, ಸಾವಿಗೆ ಬೇರೆ ಬೇರೆ ದಾಖಲೆ ಇಡಬೇಕು ಅಂತ ಅಪ್ಪಣೆ ಮಾಡಿದ. ಮನೆಗಳಿಗೆ 1770ರ ಸುಮಾರಿಗೇ ನಂಬರು ಬಿದ್ದಿತ್ತು. ಒಂದೇ ಅಡ್ಡಹೆಸರಿನವರು ಊರ ತುಂಬ ಇದ್ದರೂ ಮನೆ ನಂಬರು ಹಿಡಿದು ಬೇರ್ಪಡಿಸಬಹುದು. ನೂರು ವರ್ಷ ದಾಟಿದ ಹುಟ್ಟಿನ ದಾಖಲೆಗಳನ್ನು ಅಲ್ಲಿನ ಸರ್ಕಾರಿ ಪತ್ರಾಗಾರಗಳು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿವೆ, ಎಂಥ ಪುಣ್ಯದ ಕೆಲಸ! ಹಳೇ ಜರ್ಮನ್ ಕೈಬರಹ ನಮ್ಮ ಮೋಡಿ ಲಿಪಿಗಿಂತ ಕಷ್ಟ. ರಾತ್ರಿಯೆಲ್ಲ ಕೂತು ಒಂದೊಂದೇ ಅಕ್ಷರ ಕೂಡಿಸಿದೆವು. ಕೊನೆಗೆ ಅದೇ ಮನೆ ನಂಬರು, ಅದೇ ತಂದೆ, ಅದೇ ತಾಯಿ, ಇಬ್ಬರು ಗಂಡುಮಕ್ಕಳು. ಒಬ್ಬ ಅತ್ತೆಯವರ ಮುತ್ತಜ್ಜ, ಇನ್ನೊಬ್ಬ ಬ್ರನೋ ಹೆಣ್ಣುಮಗಳ ಮುತ್ತಜ್ಜ. ಅತ್ತೆಯವರು ಆ ಸಾಲಿನ ಮೇಲೆ ಬೆರಳಿಟ್ಟು ಅತ್ತೇಬಿಟ್ಟರು.

ಅಲ್ಲಿ ತಾಯಿಯ ಹೆಸರಿನ ಪಕ್ಕ ಆಕೆಯ ಅಪ್ಪ, ಅವ್ವನ ಹೆಸರೂ ಇತ್ತು. ನಮ್ಮ ಹೆಳವರು ಓದುವಾಗ ನಾನು ಕೇಳಿದ್ದು ಬರೀ ಗಂಡಸರ ಹೆಸರು. ಈ ಸಲ ಬಂದಾಗ, ಮನೆಗೆ ಬಂದ ಸೊಸೆಯಂದಿರ, ಕೊಟ್ಟ ಹೆಣ್ಣುಮಕ್ಕಳ ಹೆಸರು ಇವೆಯೇ ಅಂತ ಕೇಳಿರಿ. ಅವರು ಒಪ್ಪಿದರೆ ಪುಟಗಳ ಫೋಟೊ ತೆಗೆಸಿ ಕಳಿಸಿರಿ. ಅಲ್ಲಿಯವರೆಗೆ ಸೋದರತ್ತೆಗೆ ನೆನಪಿರುವಷ್ಟನ್ನು ನನ್ನ ತಮ್ಮ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಲಿ. ಅವ್ವನ ತವರುಮನೆ ಕಡೆಯದನ್ನು ಅವ್ವನೇ ಹೇಳಲಿ, ನಾನು ಭಾನುವಾರ ಫೋನ್ ಮಾಡಿ ಬರೆದುಕೊಳ್ಳುತ್ತೇನೆ.

ನಿಮ್ಮ ಮಗಳು