ಮಗಳು ಸೇರಿದ ಹೊಸ ಸಭೆಯ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ನಿನ್ನ ಮಗಳು ನಿಮ್ಮ ಕ್ಯಾಥೋಲಿಕ್ ಇಗರ್ಜಿಗೆ ಹೋಗುವುದನ್ನು ಬಿಟ್ಟು ಬಾಡಿಗೆಯ ಸಭಾಂಗಣದಲ್ಲಿ ನಡೆಯುವ ಸ್ವತಂತ್ರ ಕ್ರೈಸ್ತ ಸಭೆಯೊಂದನ್ನು (ಚರ್ಚನ್ನು) ಸೇರಿದ್ದಾಳೆ, ಅಲ್ಲಿ ನೀರಿನಲ್ಲಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದಿದ್ದಾಳೆ, ಜಪಮಾಲೆಯನ್ನು ತಾಯಿಯ ಕೈಗೆ ಹಿಂದಿರುಗಿಸಿದ್ದಾಳೆ ಎಂದು ಬರೆದಿದ್ದೀಯೆ. ಬಂಧುಗಳೆಲ್ಲ ಅದನ್ನು ‘ಕಲ್ಟ್’, ಅಂದರೆ ದಾರಿತಪ್ಪಿದ ಅಪಾಯಕಾರಿ ಪಂಥ, ಎನ್ನುತ್ತಿದ್ದಾರೆ, ಪ್ರೊಟೆಸ್ಟಂಟನಾದ ನನಗೆ ಏನನ್ನಿಸುತ್ತದೆ ಎಂದೂ ಕೇಳಿದ್ದೀಯೆ. ಇದೇ ಸಂಕಟದಲ್ಲಿರುವ ತಂದೆತಾಯಿಗಳು ಇನ್ನೂ ಅನೇಕರಿರುವುದರಿಂದ, ನಿನ್ನ ಒಪ್ಪಿಗೆಯ ಮೇರೆಗೆ, ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಿನ್ನ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಬೆರೆತುಹೋಗಿವೆ. ಆ ಸಭೆ ಏನನ್ನು ನಂಬುತ್ತದೆ ಎಂಬುದು ಒಂದು. ಅದು ತನ್ನ ಜನರನ್ನು, ಅದರಲ್ಲೂ ಬಿಟ್ಟುಹೋಗಬೇಕೆನ್ನುವವರನ್ನು, ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ಇನ್ನೊಂದು. ನೀನು ಬರೆದ ಸಂಗತಿಗಳಲ್ಲಿ ಹೆಚ್ಚಿನವು ಮೊದಲನೆಯದಕ್ಕೆ ಸೇರಿದವು. ಭಯಪಡಬೇಕಾದದ್ದು ಏನಾದರೂ ಇದ್ದರೆ ಅದು ಎರಡನೆಯದರಲ್ಲಿದೆ.

ನಿನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿರುವುದು ದೀಕ್ಷಾಸ್ನಾನದ ವಿಷಯವೆಂದು ಬಲ್ಲೆ. ಕೂಸಾಗಿದ್ದಾಗ ನೀವು ಎತ್ತಿಕೊಂಡು ಹೋಗಿ ಕೊಡಿಸಿದ ಸಂಸ್ಕಾರವನ್ನು ಅವಳು ಇಲ್ಲವೆಂದಂತೆ ನಿನಗೆ ಕಾಣುತ್ತದೆ. ನಿನ್ನ ಸಭೆಯೂ ನನ್ನ ಸಭೆಯೂ ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತವೆ. ಅದನ್ನು ಮತ್ತೊಮ್ಮೆ ಕೊಡಲಾಗದು ಎನ್ನುತ್ತವೆ. ಬ್ಯಾಪ್ಟಿಸ್ಟರು, ಪೆಂತೆಕೋಸ್ತರು ಮತ್ತು ಅವಳ ಸಭೆಯಂಥ ಸ್ವತಂತ್ರ ಸಭೆಗಳವರಾದರೋ ನಂಬಿಕೆಯನ್ನು ಬಾಯಾರೆ ಒಪ್ಪಿಕೊಳ್ಳಬಲ್ಲ ವಯಸ್ಸಿನವರಿಗೆ ಮಾತ್ರ ಅದು ಸಲ್ಲುತ್ತದೆಂದು ನಂಬುತ್ತಾರೆ. ಅವರ ಲೆಕ್ಕದಲ್ಲಿ ಅವಳು ಪಡೆದದ್ದು ಎರಡನೆಯದಲ್ಲ, ಮೊದಲನೆಯದು. ಈ ವಾದಕ್ಕೆ 500 ವರ್ಷಗಳ ಇತಿಹಾಸವಿದೆ. 1525ರಲ್ಲಿ ಜ್ಯೂರಿಕ್ ನಗರದಲ್ಲಿ ಕೆಲವರು ವಯಸ್ಕರಾದ ಮೇಲೆ ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿ 5ರಂದು ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಆ ಶಿಕ್ಷೆಯನ್ನು ವಿಧಿಸಿದ್ದು ರೋಮಿನ ಸಭೆಯಲ್ಲ, ಸುಧಾರಣೆಯನ್ನು ಒಪ್ಪಿಕೊಂಡಿದ್ದ ಪ್ರೊಟೆಸ್ಟಂಟ್ ನಗರಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ನಂಬಿಕೆಯನ್ನು ಪಡೆದ ಮನೆತನದ ನಾನು, ಅದೇ ಸ್ವಿಸ್ ನೆಲದಲ್ಲಿ ನಡೆದ ಈ ಕೃತ್ಯವನ್ನು ಓದುವಾಗಲೆಲ್ಲ ತಲೆ ತಗ್ಗಿಸುತ್ತೇನೆ. ಅಂದು ಸಮಾಜಕ್ಕೇ ಅಪಾಯವೆಂದು ಎಣಿಸಿದ್ದ ಆ ನಂಬಿಕೆಯನ್ನು ಇಂದು ಜಗತ್ತಿನಾದ್ಯಂತ ಕೋಟ್ಯಂತರ ಕ್ರೈಸ್ತರು ಹೊಂದಿದ್ದಾರೆ. ಬಂಗಾಳದ ಶ್ರೀರಾಮಪುರದ ಮಿಷನರಿ ವಿಲಿಯಂ ಕೇರಿಯೂ ಬ್ಯಾಪ್ಟಿಸ್ಟನೇ. ಶಿಶುಸ್ನಾನವೇ ಸರಿಯೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ನಿನ್ನ ಮಗಳು ಒಪ್ಪಿರುವುದು ಕ್ರೈಸ್ತ ನಂಬಿಕೆಯ ಒಳಗಿನದೇ ಆದ ಒಂದು ಹಳೆಯ ಮತವನ್ನು.

ಜಪಮಾಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ನಾನೂ ಮರಿಯಮ್ಮನಿಗೆ ಪ್ರಾರ್ಥಿಸುವವನಲ್ಲ, ಆದರೂ ಇಷ್ಟು ವರ್ಷ ನೀನು ನನ್ನನ್ನು ಸಂಶಯದಿಂದ ನೋಡಿಲ್ಲ. ಅನ್ಯಭಾಷೆಗಳಲ್ಲಿ, ಅಂದರೆ ಆತ್ಮಾವೇಶದಲ್ಲಿ ತಾವರಿಯದ ನುಡಿಗಳಲ್ಲಿ, ಪ್ರಾರ್ಥಿಸುವುದು, ಕೈಯೆತ್ತಿ ಅಳುವುದು ನಿನ್ನ ಹೆಂಡತಿಯನ್ನು ಬೆಚ್ಚಿಬೀಳಿಸಿತೆಂದು ಬರೆದಿದ್ದೀಯೆ. ಇಂಥ ಆರಾಧನೆಯ ಪೆಂತೆಕೋಸ್ತ ಚಳವಳಿಯ ಹುಟ್ಟನ್ನು ಸಾಮಾನ್ಯವಾಗಿ 1906ರ ಲಾಸ್ ಏಂಜಲಿಸ್‌ನಲ್ಲಿ ಗುರುತಿಸುತ್ತಾರೆ. ಆದರೆ ಅದಕ್ಕೆ ಒಂದು ವರ್ಷ ಮೊದಲೇ ಪುಣೆಯ ಬಳಿಯ ಕೇಡಗಾಂವದಲ್ಲಿ, ಪಂಡಿತಾ ರಮಾಬಾಯಿಯವರ ಮುಕ್ತಿ ಸದನದ ಹೆಣ್ಣುಮಕ್ಕಳ ನಡುವೆ ಅಂಥದೇ ಉಜ್ಜೀವನ ನಡೆದಿತ್ತು. 1967ರಿಂದ ಕ್ಯಾಥೋಲಿಕ್ ಸಭೆಯ ಒಳಗೇ ಕರಿಸ್ಮಾಟಿಕ್ ಚಳವಳಿ ಬೆಳೆದಿದೆ. ನಮ್ಮ ಕರಾವಳಿಯ ಧ್ಯಾನಕೂಟಗಳಲ್ಲಿ ನೀನೇ ಅದನ್ನು ಕಂಡಿರುತ್ತೀ. ಇನ್ನು ಬಿಷಪರು ಬೇಕೋ ಬೇಡವೋ ಎಂದು ತಲೆಮಾರುಗಳ ಕಾಲ ವಾದಿಸಿದ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯವರು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದರು. ಭಿನ್ನಾಭಿಪ್ರಾಯ ಎಷ್ಟೇ ಆಳವಾಗಿದ್ದರೂ ಅದೊಂದರಿಂದಲೇ ಯಾವ ಸಭೆಯೂ ಕಲ್ಟ್ ಆಗುವುದಿಲ್ಲ.

ಪಂಗಡಭೇದಕ್ಕೂ ಒಂದು ಎಲ್ಲೆಯಿದೆಯಲ್ಲವೇ ಎಂದು ನೀನು ಕೇಳಬಹುದು. ಇದೆ. ತಂದೆ, ಮಗ, ಪವಿತ್ರಾತ್ಮನೆಂಬ ತ್ರಿಯೇಕ ದೇವರನ್ನು ಒಪ್ಪುವ, ಕ್ರಿ.ಶ. 325ರ ನಿಕಾಯ ಮಹಾಸಭೆಯಲ್ಲಿ ಮೊದಲ ರೂಪ ಪಡೆದ ವಿಶ್ವಾಸಪ್ರಮಾಣವನ್ನು ಕ್ಯಾಥೋಲಿಕರು, ಆರ್ಥೊಡಾಕ್ಸರು, ಬಹುಪಾಲು ಪ್ರೊಟೆಸ್ಟಂಟರು ಸಮಾನವಾಗಿ ಹಿಡಿದಿದ್ದಾರೆ. ಯೆಹೋವನ ಸಾಕ್ಷಿಗಳು ಅದನ್ನು ಒಪ್ಪುವುದಿಲ್ಲ. ಇದೇ ಕಾರಣಕ್ಕೆ ನಮ್ಮ ಅನೇಕ ಬೋಧಕರು ಅವರನ್ನು ಕಲ್ಟ್ ಎಂದು ಕರೆಯುತ್ತಾರೆ. ಅವರ ಬೋಧನೆ ನಮ್ಮ ನಂಬಿಕೆಯಲ್ಲ ಎಂದು ಹೇಳುವುದು ನ್ಯಾಯ; ಅಷ್ಟಕ್ಕೇ ಅವರನ್ನು ಅಪಾಯಕಾರಿಗಳೆಂದು ಬಿಂಬಿಸುವುದು ನ್ಯಾಯವಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಆ ಪಂಗಡದ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಎಲ್ಲರೊಡನೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರನ್ನು ಶಾಲೆಯಿಂದ ಹೊರಹಾಕಲಾಯಿತು. 1986ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರಿದ್ದ ಸುಪ್ರೀಂ ಕೋರ್ಟ್ ಪೀಠ ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟು, ಅವರನ್ನು ಮರಳಿ ಸೇರಿಸಿಕೊಳ್ಳಬೇಕೆಂದು ಆದೇಶಿಸಿತು. ಆ ತೀರ್ಪಿನ ಬಗ್ಗೆ ನನಗೆ ಅಪಾರ ಗೌರವವಿದೆ. ಹಾಗೆಂದು ಅದೇ ಪಂಗಡದವರು ಪ್ರಾಣ ಉಳಿಸಬಲ್ಲ ರಕ್ತವನ್ನು ನಿರಾಕರಿಸುವುದು, ಪಂಗಡದಿಂದ ಹೊರಹಾಕಲ್ಪಟ್ಟವರೊಡನೆ ಒಡನಾಟವನ್ನೇ ಕಡಿದುಕೊಳ್ಳುವುದು ನನ್ನನ್ನು ಕಳವಳಗೊಳಿಸುತ್ತದೆ. ಈ ಕಳವಳಕ್ಕೂ ನಿಕಾಯದ ವಿಶ್ವಾಸಪ್ರಮಾಣಕ್ಕೂ ಸಂಬಂಧವಿಲ್ಲ, ಇದು ನಡವಳಿಕೆಯ ಪ್ರಶ್ನೆ.

ನಡವಳಿಕೆಯನ್ನೇ ಏಕೆ ನೋಡಬೇಕು ಎಂಬುದಕ್ಕೆ ಜಿಮ್ ಜೋನ್ಸ್ ಎಂಬಾತನ ಹಿಂಬಾಲಕರ ನೆಲೆಯಾಗಿದ್ದ ಜೋನ್ಸ್‌ಟೌನ್ ಸಾಕ್ಷಿ. ಜಿಮ್ ಜೋನ್ಸ್ ಎಲ್ಲಿಂದಲೋ ಉದ್ಭವಿಸಿದ ಪಾಷಂಡಿಯಾಗಿರಲಿಲ್ಲ. ಅಮೆರಿಕದ ಗೌರವಾನ್ವಿತ ಪ್ರೊಟೆಸ್ಟಂಟ್ ಪಂಗಡವಾದ ಡಿಸೈಪಲ್ಸ್ ಆಫ್ ಕ್ರೈಸ್ಟ್‌ನಿಂದ ಗುರುದೀಕ್ಷೆ ಪಡೆದವನಾಗಿದ್ದ. ಅವನ ‘ಪೀಪಲ್ಸ್ ಟೆಂಪಲ್’ನಲ್ಲಿ ಕರಿಯರೂ ಬಿಳಿಯರೂ ಜೊತೆಯಾಗಿ ಕುಳಿತು ಆರಾಧಿಸುತ್ತಿದ್ದರು, ಬಡವರಿಗೆ ಊಟ ಸಿಗುತ್ತಿತ್ತು, ರಾಜಕಾರಣಿಗಳು ಅವನನ್ನು ಹೊಗಳುತ್ತಿದ್ದರು. ಮುಂದೆ ದಕ್ಷಿಣ ಅಮೆರಿಕದ ಗಯಾನಾದ ಕಾಡಿನಲ್ಲಿ ನೆಲೆಸಿದಾಗ ಜನರ ಪಾಸ್‌ಪೋರ್ಟ್‌ಗಳನ್ನು ತೆಗೆದಿರಿಸಿಕೊಂಡರು, ಪತ್ರಗಳನ್ನು ಒಡೆದು ಓದಿದರು, ಧ್ವನಿವರ್ಧಕದಲ್ಲಿ ಹೊತ್ತುಗೊತ್ತಿಲ್ಲದೆ ಅವನ ಮಾತೇ ಕೇಳಿಬರುತ್ತಿತ್ತು. 1978ರ ನವೆಂಬರಿನಲ್ಲಿ ಅಮೆರಿಕದ ಸಂಸದ ಲಿಯೋ ರಯಾನ್ ವಿಚಾರಿಸಲೆಂದು ಅಲ್ಲಿಗೆ ಹೋದಾಗ, ಭೇಟಿಯ ಮೊದಲ ಸಂಜೆಯೇ, ಜೊತೆಯಲ್ಲಿದ್ದ ಪತ್ರಕರ್ತನೊಬ್ಬನ ಕೈಗೆ ಗುಟ್ಟಾಗಿ ಒಂದು ಚೀಟಿ ಸೇರಿತು. ಇಲ್ಲಿಂದ ಹೊರಬರಲು ಸಹಾಯ ಮಾಡಿ ಎಂಬುದು ಅದರ ಸಾರ. ಮರುದಿನ ಬಿಟ್ಟುಹೊರಟವರನ್ನು ಕರೆದುಕೊಂಡು ವಿಮಾನ ಹತ್ತಲು ಬಂದಿದ್ದ ರಯಾನರನ್ನು ಗುಂಡಿಕ್ಕಿ ಕೊಂದರು. ಅದೇ ದಿನ 900ಕ್ಕೂ ಹೆಚ್ಚು ಜನ, ಅವರಲ್ಲಿ ಸುಮಾರು ಮೂರರಲ್ಲೊಂದು ಭಾಗ ಮಕ್ಕಳು, ಬಹುತೇಕ ಸಯನೈಡ್ ಬೆರೆಸಿದ ಪಾನೀಯದಿಂದ ಸತ್ತರು. ಜೋನ್ಸ್ ಕೊನೆಕೊನೆಗೆ ಬೈಬಲನ್ನೇ ತಿರಸ್ಕರಿಸುತ್ತಿದ್ದನೆಂಬುದು ನಿಜ, ಆದರೆ ಜನರನ್ನು ಕಟ್ಟಿಹಾಕಿದ್ದು ಅದಲ್ಲ. 2023ರಲ್ಲಿ ಕೆನ್ಯಾದ ಶಕಹೋಲಾ ಕಾಡಿನಲ್ಲಿ, ಸಾಯುವವರೆಗೆ ಉಪವಾಸ ಮಾಡಿದರೆ ಕ್ರಿಸ್ತನನ್ನು ಕಾಣಬಹುದೆಂಬ ಬೋಧನೆಗೆ ಬಲಿಯಾದವರ 400ಕ್ಕೂ ಹೆಚ್ಚು ದೇಹಗಳು ಸಿಕ್ಕಿದವು.

ಹಳೆಯ ಸಭೆಗಳಿಗೂ ಈ ರೋಗ ತಗಲದೆ ಬಿಟ್ಟಿಲ್ಲ. 2002ರಲ್ಲಿ ಅಮೆರಿಕದ ಬೋಸ್ಟನ್ ಕ್ಯಾಥೋಲಿಕ್ ಮಹಾಧರ್ಮಪ್ರಾಂತ್ಯದಲ್ಲಿ ಬಯಲಿಗೆ ಬಂದದ್ದು, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಪಾದ್ರಿಗಳನ್ನು ವರ್ಷಗಟ್ಟಲೆ ಊರಿಂದೂರಿಗೆ ವರ್ಗಾಯಿಸಿ ಬಚ್ಚಿಟ್ಟ ಕಥೆ. ಆದ್ದರಿಂದ ನಾನು ಮುಂದೆ ಕೇಳುವ ಪ್ರಶ್ನೆಗಳನ್ನು ಅವಳ ಸಭೆಗೆ ಮಾತ್ರವಲ್ಲ, ನಿನ್ನದಕ್ಕೂ ನನ್ನದಕ್ಕೂ ಕೇಳಬೇಕು.

ಕಾಣಿಕೆಯ ಹಣದ ಲೆಕ್ಕವನ್ನು ಯಾರು ನೋಡುತ್ತಾರೆ? ಪಾಸ್ಟರ್ ತಪ್ಪು ಮಾಡಿದರೆ ಅವರನ್ನು ಕೇಳುವ ಅಧಿಕಾರ ಯಾರಿಗಿದೆ? ಅವಳ ಸಭೆಯಲ್ಲಿ ಪಾಸ್ಟರರ ಹೆಂಡತಿ, ಭಾವಮೈದುನ ಮಾತ್ರ ಸಮಿತಿಯಲ್ಲಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಕಾಯಿಲೆ ಬಿದ್ದವರಿಗೆ ಪ್ರಾರ್ಥನೆಯ ಜೊತೆಗೆ ಔಷಧಿಯನ್ನೂ ತೆಗೆದುಕೊಳ್ಳಲು ಹೇಳುತ್ತಾರೋ, ಔಷಧಿ ಬಿಡುವುದೇ ನಂಬಿಕೆಯ ಗುರುತು ಎನ್ನುತ್ತಾರೋ? ಎಲ್ಲಕ್ಕಿಂತ ಮುಖ್ಯವಾಗಿ, ಸಭೆ ಬಿಟ್ಟುಹೋದವರ ಬಗ್ಗೆ ಏನು ಮಾತಾಡುತ್ತಾರೆ? ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯವನ್ನು ತೆಗೆದು ನೋಡು. ಅನೇಕ ಶಿಷ್ಯರು ಬಿಟ್ಟುಹೋದಾಗ ಯೇಸು ಅವರನ್ನು ಶಪಿಸಲಿಲ್ಲ, ಹಿಂದೆ ಆಳು ಕಳಿಸಲಿಲ್ಲ. ಉಳಿದ ಹನ್ನೆರಡು ಮಂದಿಯ ಕಡೆ ತಿರುಗಿ, ನೀವೂ ಹೋಗಬೇಕೆಂದಿದ್ದೀರಾ ಎಂದು ಕೇಳಿದನು. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತು ನಿಜವೋ ಎಂದು ದಿನವೂ ಶಾಸ್ತ್ರವನ್ನು ತೆರೆದು ಪರೀಕ್ಷಿಸಿದ್ದನ್ನು ಬೈಬಲಿನ ಅಪೊಸ್ತಲರ ಕೃತ್ಯಗಳು ಮೆಚ್ಚಿ ಬರೆದಿದೆ. ಅಪೊಸ್ತಲನಿಗೇ ಸಲ್ಲುವ ಪರೀಕ್ಷೆ ಬೆಂಗಳೂರಿನ ಪಾಸ್ಟರರಿಗೆ ಸಲ್ಲದೆ ಹೋಗುವುದು ಹೇಗೆ?

ನೀನು ಬರೆದ ವಿವರಗಳಲ್ಲಿ ನನಗೆ ಸಮಾಧಾನ ಕೊಟ್ಟದ್ದು ಒಂದಿದೆ. ಮರಿಯಮ್ಮನ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಆದ ಮೊಂತಿ ಹಬ್ಬಕ್ಕೆ ಅವಳು ಮನೆಗೆ ಬಂದಿದ್ದಳು. ಒಂಬತ್ತು ದಿನಗಳ ಪ್ರಾರ್ಥನೆಯಾದ ನೊವೆನಾಕ್ಕೆ ಹೋಗಲಿಲ್ಲ, ಆದರೆ ಎಲ್ಲರ ಜೊತೆ ಕುಳಿತು ಹೊಸ ಅಕ್ಕಿಯ ಊಟ ಮಾಡಿದಳು. ಮನೆಯವರಿಂದ ದೂರವಿರು ಎಂದು ಕಲಿಸುವ ಸಭೆಯಾಗಿದ್ದರೆ ಅವಳು ಅಷ್ಟು ದೂರ ಬಸ್ಸಿನಲ್ಲಿ ಬರುತ್ತಿರಲಿಲ್ಲ. ದಶಮಾಂಶ ಕೊಡುತ್ತಿರುವುದರಲ್ಲೂ ನನಗೆ ದೋಷ ಕಾಣುವುದಿಲ್ಲ, ಸಾಲ ಮಾಡಿ ಕೊಡದಿದ್ದರೆ ಸಾಕು. ಆದರೆ ಮದುವೆಯ ಪ್ರಸ್ತಾಪ ಬಂದಾಗ, ಪಾಸ್ಟರ್ ಒಪ್ಪಿದರೆ ಮಾತ್ರ ಎಂದಳು ಎಂಬ ಮಾತನ್ನು ನೀನು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದೀಯೆ. ಜಪಮಾಲೆಗಿಂತ, ದೀಕ್ಷಾಸ್ನಾನಕ್ಕಿಂತ ನನ್ನನ್ನು ಕಾಡಿದ್ದು ಆ ಸಾಲು. ಸಲಹೆ ಕೇಳುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ; ಅವಳು ಹೇಳಿದ್ದು ಇವೆರಡರಲ್ಲಿ ಯಾವುದು ಎಂದು ತಿಳಿಯಬೇಕು.

ಅವಳೆದುರು ಕಲ್ಟ್ ಎಂಬ ಮಾತನ್ನು ಎತ್ತಬೇಡ. ಆ ಮಾತು ಕಿವಿಗೆ ಬಿದ್ದ ಕ್ಷಣವೇ ಅವಳು ಸಭೆಯ ಪರ ವಕಾಲತ್ತಿಗೆ ನಿಲ್ಲುತ್ತಾಳೆ, ನಿನ್ನ ಪ್ರಶ್ನೆಗಳನ್ನು ತಾನೇ ಯೋಚಿಸುವ ಅವಕಾಶ ಅವಳಿಗೆ ಸಿಗುವುದಿಲ್ಲ. ಬೆಂಗಳೂರಿಗೆ ಹೋಗಿ ಒಂದು ಭಾನುವಾರ ಅವಳ ಜೊತೆ ಆ ಸಭಾಂಗಣದಲ್ಲಿ ಕೂತು ಬಾ. ಆರಾಧನೆ ಮುಗಿದ ಮೇಲೆ ಪಾಸ್ಟರರೊಡನೆ ಮಾತಾಡು, ಲೆಕ್ಕಪತ್ರದ ಬಗ್ಗೆ ಮರ್ಯಾದೆಯಿಂದಲೇ ಕೇಳು. ಕಳೆದ ವರ್ಷ ಸಭೆ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಅವರೊಡನೆ ಈಗಲೂ ಮಾತುಕತೆ ಇದೆಯೇ ಎಂದು ಊಟದ ಹೊತ್ತಿನಲ್ಲಿ ಮಗಳನ್ನೇ ಕೇಳು. ಔಷಧಿ ಬಿಡಿಸುವ, ಕೆಲಸ ಬಿಡಿಸುವ, ಫೋನ್ ಪರೀಕ್ಷಿಸುವ ಸೂಚನೆ ಒಂದಾದರೂ ಕಂಡರೆ ತಡಮಾಡದೆ ನನಗೆ ಕರೆ ಮಾಡು, ನಾನೂ ಬರುತ್ತೇನೆ. ಅಂಥದೇನೂ ಇಲ್ಲದಿದ್ದರೆ, ನಿನಗೊಪ್ಪದ ಸಭೆಯೊಂದನ್ನು ನಿನ್ನ ಮಗಳು ಆರಿಸಿಕೊಂಡಿದ್ದಾಳೆ ಎಂದಷ್ಟೇ ತಿಳಿ. ಅವಳು ಹೇಳಿದ್ದನ್ನು ಬಿಡುವಾದಾಗ ನನಗೂ ಬರೆ.

ಇತಿ ನಿನ್ನ ಗೆಳೆಯ