ಮೊದಲ ಗೂಡಿಗೆ ಬರ್ಕ್, ಅವನ ಪಕ್ಕಕ್ಕೆ ಪೇನ್

ಪ್ರೀತಿಯ ತಂಗಿಗೆ,

ಇಂಗ್ಲೆಂಡ್ ಮತ್ತು ಅಮೆರಿಕದ ಕನ್ಸರ್ವೇಟಿವ್ ಚಿಂತನೆಯ (ಹಿಂದಿನಿಂದ ಬಂದದ್ದನ್ನು ಉಳಿಸಿಕೊಳ್ಳಬೇಕೆನ್ನುವ ವಿಚಾರಧಾರೆಯ) ಮೇಲೆ ಲೇಖನಮಾಲೆ ಬರೆಯಬೇಕು, ಮನೆಯಲ್ಲಿ ಯಾವ ಪುಸ್ತಕ ಇಟ್ಟುಕೊಳ್ಳಲಿ ಎಂದು ಕೇಳಿದ್ದೀಯ. ‘ಓದಲೇಬೇಕಾದ ನೂರು’ ಎಂಬಂಥ ಪಟ್ಟಿಗಳನ್ನು ಹಿಡಿದು ಅಂಗಡಿಗೆ ಹೋಗಬೇಡ. ಅವುಗಳಲ್ಲಿ ಎಷ್ಟೋ ಪುಸ್ತಕಗಳು ಯಾವುದೋ ಒಂದು ಚುನಾವಣೆಗೆಂದು ಬರೆದವು. ಚುನಾವಣೆ ಮುಗಿದರೆ ಅವುಗಳ ಕೆಲಸವೂ ಮುಗಿಯಿತು. ಹತ್ತು ಹನ್ನೆರಡು ಮೂಲಗ್ರಂಥಗಳನ್ನು ತೆಗೆದುಕೋ. ಸಾಧ್ಯವಾದ ಕಡೆಯೆಲ್ಲ ಪಕ್ಕದಲ್ಲೇ ಅದರೊಡನೆ ಜಗಳಕ್ಕೆ ನಿಲ್ಲುವ ಇನ್ನೊಂದನ್ನು ಇಡು. ಓದುಗರಿಗೆ ಇದು ಕಡ್ಡಾಯವಲ್ಲ, ಬರೆಯುವವರಿಗೆ ಕಡ್ಡಾಯ.

ಈ ಚಿಂತನೆಯ ಮೂಲಪುರುಷನೆನಿಸಿದ, ಹದಿನೆಂಟನೇ ಶತಮಾನದ ಬ್ರಿಟಿಷ್ ರಾಜಕಾರಣಿ ಎಡ್ಮಂಡ್ ಬರ್ಕ್‌ನಿಂದ ಶುರುಮಾಡು. ಫ್ರಾನ್ಸಿನ ಕ್ರಾಂತಿಯ ಮೇಲೆ ಅವನು ಬರೆದ ‘ರಿಫ್ಲೆಕ್ಷನ್ಸ್’ ಪ್ರಕಟವಾದದ್ದು 1790ರ ನವೆಂಬರಿನಲ್ಲಿ. ತೇದಿ ನೆನಪಿಟ್ಟುಕೋ, ಏಕೆಂದರೆ ಬಹಳ ಜನ ಜಾರುವುದು ಇಲ್ಲೇ. ದೊರೆಯ ಶಿರಚ್ಛೇದವಾದದ್ದು 1793ರಲ್ಲಿ, ನೆಪೋಲಿಯನ್ ಅಧಿಕಾರ ಹಿಡಿದದ್ದು 1799ರಲ್ಲಿ. ಅವೆಲ್ಲ ಆದ ಮೇಲೆ ಬರೆದ ಪುಸ್ತಕವೆಂಬಂತೆ ಓದಿದರೆ ಬರ್ಕ್ ಬರೀ ಗೋಳಾಡುವ ಮುದುಕನಾಗಿ ಕಾಣುತ್ತಾನೆ. ಸೈನ್ಯವನ್ನು ಒಲಿಸಿಕೊಂಡ ಸೇನಾನಿಯೊಬ್ಬ ಕೊನೆಗೆ ಎಲ್ಲರ ಒಡೆಯನಾಗುತ್ತಾನೆ ಎಂದು ಅವನು 1790ರಲ್ಲೇ ಬರೆದಿದ್ದ ಎಂಬುದು ಆಗ ಕಣ್ಣಿಗೆ ಬೀಳುವುದೇ ಇಲ್ಲ.

ಈ ಪುಸ್ತಕಕ್ಕೆ ಅಧ್ಯಾಯಗಳಿಲ್ಲ. ಫ್ರಾನ್ಸಿನ ತರುಣನೊಬ್ಬನಿಗೆ ಬರೆದ ಒಂದೇ ಉದ್ದನೆಯ ಪತ್ರ ಇದು. ಆರಂಭದ ಪುಟಗಳೆಲ್ಲ ರಿಚರ್ಡ್ ಪ್ರೈಸ್ ಎಂಬ ಪಾದ್ರಿ 1789ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ಕ್ರಾಂತಿಯನ್ನು ಕೊಂಡಾಡಿ ಮಾಡಿದ ಪ್ರವಚನಕ್ಕೆ ಕೊಟ್ಟ ಉತ್ತರ. ಪ್ರೈಸ್ ಯಾರೆಂದು ಗೊತ್ತಿಲ್ಲದೆ ಹೊರಟವರು ಕೆಲವೇ ಪುಟಗಳಲ್ಲಿ ಪುಸ್ತಕ ಮಡಚಿಡುತ್ತಾರೆ. ಆದ್ದರಿಂದ ಅಡಿಟಿಪ್ಪಣಿ ಇರುವ ಪ್ರತಿಯನ್ನೇ ಕೊಳ್ಳಬೇಕು. ಜೆ.ಜಿ.ಎ. ಪೋಕಾಕ್ ಸಂಪಾದಿಸಿದ ಹ್ಯಾಕೆಟ್ ಆವೃತ್ತಿ (1987) ಸಾಕು. ಇನ್ನೂ ಆಳಕ್ಕೆ ಇಳಿಯಬೇಕೆಂದರೆ ಜೆ.ಸಿ.ಡಿ. ಕ್ಲಾರ್ಕ್ ಅವರ ಸ್ಟ್ಯಾನ್‌ಫರ್ಡ್ ಆವೃತ್ತಿ (2001). ಹಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಅಗ್ಗದ ಪುಸ್ತಕಗಳಲ್ಲಿ ಟಿಪ್ಪಣಿ ಹಾರಿಹೋಗಿರುತ್ತದೆ, ಸಾಲುಗಳೂ ಒಮ್ಮೊಮ್ಮೆ ತಪ್ಪಿಹೋಗಿರುತ್ತವೆ. ಓದುವಾಗ ಪೆನ್ಸಿಲ್ ಹಿಡಿದು ಅಂಚಿನಲ್ಲಿ ನಿನ್ನದೇ ಉಪಶೀರ್ಷಿಕೆ ಬರೆಯುತ್ತಾ ಹೋಗು: ಪ್ರೈಸ್, ಪಿತ್ರಾರ್ಜಿತ ಹಕ್ಕು, ಚರ್ಚಿನ ಆಸ್ತಿ, ಕಾಗದದ ಹಣ, ಸೈನ್ಯ. ಎರಡನೇ ಓದಿಗೆ ಅದೇ ಪರಿವಿಡಿ.

ಪಕ್ಕಕ್ಕೆ, ಕ್ರಾಂತಿಯ ಪರ ನಿಂತು ಬರ್ಕ್‌ಗೆ ಉತ್ತರ ಕೊಟ್ಟ ಥಾಮಸ್ ಪೇನ್‌ನ ‘ರೈಟ್ಸ್ ಆಫ್ ಮ್ಯಾನ್’ (1791–92) ಇರಲಿ. ಬರ್ಕ್ ಪುಕ್ಕಕ್ಕೆ ಮರುಗಿ ಸಾಯುತ್ತಿರುವ ಹಕ್ಕಿಯನ್ನು ಮರೆತ, ಅಂದರೆ ಅರಮನೆಯ ವೈಭವಕ್ಕೆ ಅತ್ತು ನರಳುವ ಜನರನ್ನು ಮರೆತ, ಎಂದು ಪೇನ್ ಚುಚ್ಚಿದ್ದು ಅದರಲ್ಲೇ. ಆ ಏಟಿಗೆ ಬರ್ಕ್‌ನ ಪರವಾಗಿ ಏನು ಹೇಳಬಹುದು ಎಂದು ಒಂದು ಪುಟ ಬರೆದು ನೋಡು, ಪೇನ್‌ನ ಪರವಾಗಿ ಇನ್ನೊಂದು ಪುಟ. ಎರಡರಲ್ಲೂ ನಿನ್ನ ದನಿ ಸಡಿಲವಾಗದಿದ್ದರೆ ಮುಂದಿನ ಪುಸ್ತಕಕ್ಕೆ ಹೋಗಬಹುದು.

ಬರ್ಕ್‌ನ ಇನ್ನೊಂದು ಬರಹ ಕನ್ನಡದವಳಾದ ನಿನಗೆ ಬೇಕೇ ಬೇಕು. ಆರ್ಕಾಟಿನ ನವಾಬನ ಸಾಲಗಳ ಕುರಿತು 1785ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನಲ್ಲಿ ಮಾಡಿದ ಭಾಷಣ ಅದು. ಮೈಸೂರಿನ ಹೈದರಾಲಿ 1780ರಲ್ಲಿ ಕರ್ನಾಟಿಕ್ ಪ್ರಾಂತದ (ನಮ್ಮ ಕರ್ನಾಟಕವಲ್ಲ, ತಮಿಳುನಾಡಿನ ಕಡೆಯ ಆರ್ಕಾಟ್ ನವಾಬನ ಸೀಮೆ) ಮೇಲೆ ಎರಗಿದ ಭಯಾನಕ ಚಿತ್ರ ಅಲ್ಲಿದೆ. ಹೈದರನನ್ನು ಕೆಣಕಿದ ತಪ್ಪನ್ನು ಬರ್ಕ್ ಹೊರಿಸುವುದು ಮಾತ್ರ ಈಸ್ಟ್ ಇಂಡಿಯಾ ಕಂಪನಿಯವರ ಮೇಲೆ. ಅದಕ್ಕಿಂತ ಮುಖ್ಯವಾದದ್ದು ಕೆರೆಗಳ ಭಾಗ. ಕರ್ನಾಟಿಕ್ ಮತ್ತು ತಂಜಾವೂರಿನಲ್ಲಿ ದೊಡ್ಡವು, ನಡುತರದವು ಸೇರಿ ಹತ್ತು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಕೆರೆಗಳಿವೆ, ಪ್ರಜೆಗಳಿಗೆ ತಂದೆಯಂತಿದ್ದ ನಿಜವಾದ ದೊರೆಗಳ ಸ್ಮಾರಕಗಳು ಅವು ಎನ್ನುತ್ತಾನೆ. ಹಿಂದಿನವರು ಕಟ್ಟಿದ್ದನ್ನು ಮುಂದಿನವರಿಗೆ ಒಪ್ಪಿಸಬೇಕು ಎಂಬ ಅವನ ಇಡೀ ವಿಚಾರ, ಫ್ರಾನ್ಸಿನ ಕ್ರಾಂತಿಗೂ ನಾಲ್ಕು ವರ್ಷ ಮೊದಲೇ, ನಮ್ಮ ನೆರೆಯ ಕೆರೆಏರಿಗಳ ಮೇಲೆ ನಿಂತಿದೆ. ಹಳೆಯ ಸಮಗ್ರ ಸಂಪುಟಗಳಲ್ಲಿ ಈ ಭಾಷಣ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಮುದ್ರಿಸಿಕೊಂಡು ಹೊಲಿಸಿ ಇಟ್ಟುಕೋ.

ಅಮೆರಿಕದ ಕಡೆಗೆ ಬಂದರೆ, ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ಪಬ್ಲಿಯಸ್ ಎಂಬ ಒಂದೇ ಹೆಸರಿನಲ್ಲಿ 1787–88ರಲ್ಲಿ ಅಮೆರಿಕದ ಹೊಸ ಸಂವಿಧಾನದ ಪರವಾಗಿ ಬರೆದ 85 ‘ಫೆಡರಲಿಸ್ಟ್’ ಲೇಖನಗಳು. ಎಲ್ಲರೂ 10 ಮತ್ತು 51ನ್ನು ಓದಿ ನಿಲ್ಲಿಸುತ್ತಾರೆ. ನೀನು 49ನ್ನೂ ಓದು. ಸಂವಿಧಾನವನ್ನು ಪದೇಪದೇ ಜನರ ಮುಂದೆ ತೀರ್ಪಿಗೆ ಇಟ್ಟರೆ ಕಾಲ ಮಾತ್ರ ಕೊಡಬಲ್ಲ ಗೌರವ ಅದಕ್ಕೆ ದಕ್ಕುವುದಿಲ್ಲ ಎಂಬ ವಾದ ಅಲ್ಲಿದೆ.

ಫ್ರೆಂಚ್ ಚಿಂತಕ ಟೋಕ್ವಿಲ್‌ನ ‘ಡೆಮಾಕ್ರಸಿ ಇನ್ ಅಮೆರಿಕ’ ಎರಡು ಭಾಗ, 1835 ಮತ್ತು 1840. ಕಿರಿದುಗೊಳಿಸಿದ ಪ್ರತಿಗಳು ಬಹಳ ಇವೆ. ಕೊಳ್ಳುವ ಮೊದಲು ಪರಿವಿಡಿ ತೆರೆದು ಎರಡನೆಯ ಭಾಗ ಪೂರ್ತಿ ಇದೆಯೇ ನೋಡು, ಪ್ರಜಾಪ್ರಭುತ್ವದಲ್ಲಿ ಹುಟ್ಟಬಹುದಾದ ಮೃದು ದಬ್ಬಾಳಿಕೆಯ (ಹಿಂಸಿಸದೆ, ಪೋಷಿಸುವ ಹೆಸರಿನಲ್ಲೇ ಜನರನ್ನು ಅಧೀನದಲ್ಲಿಡುವ ಆಡಳಿತದ) ಮಾತು ಬರುವುದು ಅದರ ಕೊನೆಯಲ್ಲಿ. ಅಗ್ಗದ ಪ್ರತಿಗಳಲ್ಲಿ ಸಾಮಾನ್ಯವಾಗಿ ಇರುವುದು 19ನೇ ಶತಮಾನದ ಹೆನ್ರಿ ರೀವ್ ಅನುವಾದ. ಮ್ಯಾನ್ಸ್‌ಫೀಲ್ಡ್–ವಿನ್‌ಥ್ರಾಪ್ (2000) ಅನುವಾದ ಫ್ರೆಂಚಿಗೆ ಹತ್ತಿರ, ಗೋಲ್ಡ್‌ಹ್ಯಾಮರ್ (2004) ಓದಲು ಸಲೀಸು. ನಿನಗೆ ಮೊದಲನೆಯದು.

ಇಪ್ಪತ್ತನೇ ಶತಮಾನದಲ್ಲಿ ಜಗಳ ಮನೆಯೊಳಗೇ ಇದೆ. ನಿನ್ನ ಲೇಖನಮಾಲೆಯ ಜೀವ ಇರುವುದು ಇಲ್ಲಿ. ಅಮೆರಿಕದ ರಸೆಲ್ ಕರ್ಕ್‌ನ ‘ದಿ ಕನ್ಸರ್ವೇಟಿವ್ ಮೈಂಡ್’ (1953) ಆರು ಸೂತ್ರ ಕೊಡುತ್ತದೆ, ಮೊದಲನೆಯದೇ ಮನುಷ್ಯನನ್ನು ಮೀರಿದ ಒಂದು ನೈತಿಕ ವ್ಯವಸ್ಥೆಯಲ್ಲಿ ನಂಬಿಕೆ. ಇಂಗ್ಲೆಂಡಿನ ತತ್ವಜ್ಞಾನಿ ಮೈಕೆಲ್ ಓಕ್‌ಶಾಟ್ ತನ್ನ 1956ರ ‘ಆನ್ ಬೀಯಿಂಗ್ ಕನ್ಸರ್ವೇಟಿವ್’ ಪ್ರಬಂಧದಲ್ಲಿ ಅಂಥ ನಂಬಿಕೆಯ ಅಗತ್ಯವೇ ಇಲ್ಲ, ಇದು ಸಿದ್ಧಾಂತವಲ್ಲ, ಕೈಯಲ್ಲಿರುವುದನ್ನು ಅನುಭವಿಸಿ ಉಳಿಸಿಕೊಳ್ಳುವ ಒಂದು ಮನೋಧರ್ಮ ಎನ್ನುತ್ತಾನೆ. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ‘ಸಂಪ್ರದಾಯವಾದಿಗಳು’ ಎಂದು ಕಟ್ಟಿಹಾಕಿದರೆ ಲೇಖನ ಅಲ್ಲೇ ಕೆಟ್ಟಿತು. ಮುಕ್ತ ಮಾರುಕಟ್ಟೆಯ ಪರ ವಾದಿಸಿದ ಅರ್ಥಶಾಸ್ತ್ರಜ್ಞ ಹಯೆಕ್ ಇನ್ನೂ ದೂರ. ‘ದಿ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ’ (1960) ಪುಸ್ತಕದ ಕೊನೆಗೆ ತಾನೇಕೆ ಕನ್ಸರ್ವೇಟಿವ್ ಅಲ್ಲ ಎಂದೇ ಒಂದು ಪ್ರಬಂಧ ಸೇರಿಸಿದ್ದಾನೆ. ಅವನ ‘ದಿ ರೋಡ್ ಟು ಸರ್ಫ್‌ಡಮ್’ (1944) ಕೊಳ್ಳುವಾಗ ಎಚ್ಚರ: ರೀಡರ್ಸ್ ಡೈಜೆಸ್ಟ್ 1945ರಲ್ಲಿ ಮಾಡಿದ ಸಂಕ್ಷೇಪವೂ ಅದೇ ಹೆಸರಿನಲ್ಲಿ ಓಡಾಡುತ್ತಿದೆ. ಈ ಬಣಗಳ ನಕ್ಷೆ ಬೇಕಾದಾಗ ಅಮೆರಿಕದ ಕನ್ಸರ್ವೇಟಿವ್ ಚಿಂತಕರ ಬಗ್ಗೆ ಜಾರ್ಜ್ ನ್ಯಾಶ್ ಬರೆದ ಇತಿಹಾಸ (1976) ತೆಗೆ. ಮೂಲ ಓದುವ ಮೊದಲು ಮಾತ್ರ ಬೇಡ, ನ್ಯಾಶ್‌ನ ವರ್ಗೀಕರಣವೇ ನಿನ್ನ ಅಭಿಪ್ರಾಯವಾಗಿಬಿಡುತ್ತದೆ. ಎದುರು ಗೂಡಿಗೆ ಎಡಪಂಥೀಯ ವಿಮರ್ಶಕ ಕೋರಿ ರಾಬಿನ್‌ನ ‘ದಿ ರಿಯಾಕ್ಷನರಿ ಮೈಂಡ್’ (2011). ಇದೆಲ್ಲ ಮೇಲಿದ್ದವರು ಅಧಿಕಾರ ಬಿಟ್ಟುಕೊಡದ ಹಟ ಎಂಬ ಅವನ ಆರೋಪಕ್ಕೆ ಉತ್ತರ ಹುಡುಕದೆ ಕೊನೆಯ ಕಂತು ಬರೆಯಬೇಡ.

ಉಲ್ಲೇಖದ ವಿಷಯದಲ್ಲಿ ಕಟ್ಟುನಿಟ್ಟಾಗಿರು. ಒಳ್ಳೆಯವರು ಸುಮ್ಮನಿದ್ದರೆ ಕೆಡುಕು ಗೆಲ್ಲುತ್ತದೆ ಎಂಬ ಮಾತನ್ನು ಬರ್ಕ್‌ನದೆಂದು ಎಲ್ಲೆಡೆ ಹಾಕುತ್ತಾರೆ. ಅವನ ಬರಹಗಳಲ್ಲಿ ಅದು ಇಲ್ಲ. ಪುಟಸಂಖ್ಯೆ ಸಿಗದ ಮಾತನ್ನು ಬಳಸಬೇಡ. ಫೆಡರಲಿಸ್ಟ್‌ಗೆ ಲೇಖನದ ಸಂಖ್ಯೆ ಕೊಡು, ಟೋಕ್ವಿಲ್‌ಗೆ ಭಾಗ ಮತ್ತು ಅಧ್ಯಾಯ. ಬರ್ಕ್‌ಗೆ ಅಧ್ಯಾಯ ಇಲ್ಲವಾದ್ದರಿಂದ ಆವೃತ್ತಿ ಮತ್ತು ಪುಟ. ಕರ್ಕ್ ತನ್ನ ಪುಸ್ತಕವನ್ನು ಮತ್ತೆಮತ್ತೆ ತಿದ್ದಿದ, ಉಪಶೀರ್ಷಿಕೆಯಲ್ಲಿದ್ದ ತತ್ವಜ್ಞಾನಿ ಸಾಂಟಯಾನನ ಜಾಗಕ್ಕೆ ಕವಿ ಎಲಿಯಟ್ ಬಂದ. ಅಲ್ಲೂ ಯಾವ ಆವೃತ್ತಿ ಎಂದು ಹೇಳಲೇಬೇಕು.

ಭಾರತದ ಕಂತು ಬರೆಯುವುದಾದರೆ ರಾಜಾಜಿಯವರ ಸ್ವತಂತ್ರ ಪಕ್ಷದ (1959) ಮೇಲೆ ಹೊವರ್ಡ್ ಅರ್ಡ್‌ಮನ್ ಬರೆದ ಅಧ್ಯಯನ (1967) ಹುಡುಕು. ಸಹಕಾರಿ ಬೇಸಾಯದ ಕುರಿತು ಕಾಂಗ್ರೆಸ್ಸಿನ ನಾಗ್ಪುರ ನಿರ್ಣಯವನ್ನು ವಿರೋಧಿಸಿ ರೈತರು, ಉದ್ಯಮಿಗಳು, ಮಾಜಿ ಅರಸರು ಒಂದೇ ಚಪ್ಪರದಡಿ ಬಂದದ್ದನ್ನು ಕರ್ಕ್–ಹಯೆಕ್ ಜಗಳದ ಪಕ್ಕಕ್ಕಿಟ್ಟು ಓದಿದರೆ ಎರಡೂ ಸ್ಪಷ್ಟವಾಗುತ್ತವೆ. ಅರ್ಡ್‌ಮನ್‌ನ ಪುಸ್ತಕ ಹೊಸದಾಗಿ ಸಿಗದಿದ್ದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳು, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಲ್ಲಿ ಹೇಳಿಡು. ಹಳೆಯ ಪ್ರತಿ ಕೈಗೆ ಬಂದಾಗ ಬೆನ್ನು ಬಗ್ಗಿಸಿ ಅಂಟು ಬಿಟ್ಟಿದೆಯೇ ನೋಡು, ಕೊನೆಯ ಪುಟ ಮತ್ತು ಪದಸೂಚಿ ಇವೆಯೇ ನೋಡು. ಹೊಲಿಗೆಯ ಹತ್ತಿರ ಸಣ್ಣ ತೂತು, ಪುಡಿ ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟು ಬಾ. ಹುಳು ಪಕ್ಕದ ಪುಸ್ತಕಗಳಿಗೂ ಇಳಿಯುತ್ತದೆ.

ಇಂತಿ,
ನಿನ್ನ ಹಿತೈಷಿ