ದಾಸವಾಳದ ಎಲೆ ಮತ್ತು ಕಡುನೀಲಿ ಪೆನ್ಸಿಲು

ಪ್ರೀತಿಯ ಗೆಳೆಯ,

ಒಂಬತ್ತು ದಿನಗಳಿಂದ, ಬಣ್ಣದ ಪೆನ್ಸಿಲಿನಲ್ಲಿ ಬರೆಯುತ್ತಿರುವ ದಾಸವಾಳದ ಒಂದು ಎಲೆಯ ಚಿತ್ರದ ಮುಂದೆಯೇ ಕುಳಿತಿದ್ದೇನೆ. ಕಿತ್ತು ತಂದ ಎಲೆಗಳು ಬಾಡುತ್ತ ಹೋಗಿ ಈಗ ಮೂರನೆಯದನ್ನು ನೀರಿನಲ್ಲಿಟ್ಟುಕೊಂಡಿದ್ದೇನೆ. ಮೂರನೆಯ ಎಲೆ ಎಂದ ಕೂಡಲೇ ನೀನು ನಗುತ್ತೀಯೆಂದು ಗೊತ್ತು. ನಕ್ಕು ಮುಗಿಸಿ ಮುಂದೆ ಓದು.

ಮೊನ್ನೆ ಚಿತ್ರವನ್ನೂ ಎಲೆಯನ್ನೂ ಅಕ್ಕಪಕ್ಕ ಇಟ್ಟು ಫೋಟೊ ತೆಗೆದು, ಅದನ್ನು ಕಪ್ಪು ಬಿಳುಪಿಗೆ ತಿರುಗಿಸಿ ನೋಡಿದೆ. ನಿಜವಾದ ಎಲೆಯಲ್ಲಿ ನಡುನರದ ಎಡಕ್ಕೆ ಬಿಳಿಗೆ ಹತ್ತಿರವಾದ ಹೊಳಪಿತ್ತು, ಬಲಗಡೆಯ ಮಡಿಕೆಯೊಳಗೆ ಕಪ್ಪಿಗೆ ಹತ್ತಿರವಾದ ಕತ್ತಲಿತ್ತು. ಆರು ಬಗೆಯ ಹಸಿರು ಬಳಸಿ ನಾನು ಬರೆದ ಎಲೆ ಮಾತ್ರ ಒಂದೇ ಬೂದುಬಣ್ಣದ ಚಪ್ಪಟೆ ತುಂಡಾಗಿತ್ತು. 1801ರಲ್ಲಿ ‘ಇನ್ವೆಸ್ಟಿಗೇಟರ್’ ಹಡಗಿನಲ್ಲಿ ಆಸ್ಟ್ರೇಲಿಯದ ಕಡೆಗೆ ಹೊರಟ ಸಸ್ಯಚಿತ್ರಕಾರ ಫರ್ಡಿನಾಂಡ್ ಬಾಯರ್, ಗಿಡಗಳ ಬಣ್ಣವನ್ನು ಸ್ಥಳದಲ್ಲಿ ಸಂಖ್ಯೆಗಳಾಗಿ ಗುರುತು ಹಾಕಿಕೊಂಡು ಆಮೇಲೆ ಬಣ್ಣ ತುಂಬುತ್ತಿದ್ದನೆಂದು ಓದಿದ ಮೇಲೆ, ನಾನೂ ಹಸಿರುಗಳ ಪಟ್ಟಿ ಮಾಡಿ ಸಂಖ್ಯೆ ಕೊಟ್ಟಿದ್ದೆನಲ್ಲ? ಸರಿಯಾದ ಹಸಿರು ಸಿಕ್ಕಿದರೆ ಉಬ್ಬುತಗ್ಗು ತಾನಾಗಿ ಬರುತ್ತದೆಂದು ಇಷ್ಟು ವರ್ಷ ನಂಬಿದ್ದೆ.

ಸಸ್ಯಚಿತ್ರದ ವಾಡಿಕೆಯಂತೆ ನಾವು ಬೆಳಕನ್ನು ಎಡಗಡೆ ಮೇಲಿನಿಂದ ಬೀಳಿಸುತ್ತೇವೆ, ಗಿಡ ನೆಲದ ಮೇಲೆ ಚೆಲ್ಲುವ ನೆರಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಆದ್ದರಿಂದ ಗಿಡದ ಮೈಮೇಲಿನ ನೆರಳೇ ಅದರ ಆಕಾರವನ್ನೆಲ್ಲ ಹೇಳಬೇಕು. ಗಾಢ ಬಣ್ಣದ ಮೇಲೆ ಬಿಳಿ ಪೆನ್ಸಿಲು ನಿಲ್ಲುವುದಿಲ್ಲವಾದ್ದರಿಂದ ಹೊಳಪಿನ ಜಾಗದಲ್ಲಿ ಕಾಗದವನ್ನು ಮೊದಲೇ ಉಳಿಸಿಕೊಳ್ಳಬೇಕು. ನೆರಳಿಗೆ ಬರೀ ಕಪ್ಪು ತುಂಬಿದರೆ ಹಸಿರು ಮಸಿ ಹತ್ತಿದಂತಾಗುತ್ತದೆ. ಪೆನ್ಸಿಲಿನ ಪದರಗಳು ಒಂದರೊಳಗಿಂದ ಒಂದು ಕಾಣುವಂಥವು. ಕೆಳಗೆ ಕಡುನೀಲಿ, ನಡುವೆ ಹಸಿರು, ಅದರ ಮೇಲೆ ತೆಳ್ಳಗೆ ಕಡುಗೆಂಪು ಎಳೆದಾಗ ಬರುವ ಕತ್ತಲಿನಲ್ಲಿ ಹಸಿರು ಹಸಿರಾಗಿಯೇ ಉಳಿಯುತ್ತದೆ. ಇವೆಲ್ಲ ನನಗೆ ಕಲಿಸಿದವನೇ ನೀನು. ಇದನ್ನು ಓದುತ್ತಿರುವ ಉಳಿದವರಿಗಾಗಿ ಬರೆದೆ.

ಗೊತ್ತಿದ್ದೂ ಏಕೆ ಮಾಡಲಿಲ್ಲವೆಂದರೆ, ಹೆದರಿಕೆ. ಪದರ ಹೆಚ್ಚಾದಂತೆ ಪೆನ್ಸಿಲಿನ ಮೇಣ ಕಾಗದದ ತರಿತರಿ ಮೈಯನ್ನು ತುಂಬಿಬಿಡುತ್ತದೆ, ಆಮೇಲೆ ಬಣ್ಣ ಹತ್ತುವುದೂ ಇಲ್ಲ, ಪೂರ್ತಿ ಅಳಿಸಲೂ ಬರುವುದಿಲ್ಲ. ಅದಕ್ಕೇ ಪ್ರತಿ ಸಲವೂ ನಡುಮಟ್ಟದಲ್ಲಿ ಕೈ ನಿಲ್ಲಿಸಿ, ನೋಡಿದವರು ಎಷ್ಟು ಮೃದುವಾಗಿದೆ ಎಂದು ಮೆಚ್ಚಿದರೆ ಅದನ್ನೇ ನನ್ನ ಶೈಲಿಯೆಂದು ಒಪ್ಪಿಕೊಂಡೆ. ನನ್ನ ಗಿಡಗಳೆಲ್ಲ ಮಂಜಿನಲ್ಲಿ ನಿಂತಂತಿವೆ ಎಂದವನು ನೀನೊಬ್ಬನೇ. ಅದು ನಿಜವೆಂದು ಆ ಕ್ಷಣವೇ ತಿಳಿದಿತ್ತು. ಆಮೇಲಿನ ನಾಲ್ಕು ತಿಂಗಳು ನಾನು ಫೋನು ಮಾಡದಿದ್ದುದಕ್ಕೆ ಕೆಲಸದ ಒತ್ತಡ ಕಾರಣವಲ್ಲ, ಗೆಳೆಯ. ನೀನು ಮತ್ತೆ ಚಿತ್ರ ತೋರಿಸು ಎನ್ನುತ್ತೀಯೆಂಬ ಭಯಕ್ಕೆ ಮಾಡಲಿಲ್ಲ. ನೀನು ಎರಡು ಸಲ ಕರೆ ಮಾಡಿದಾಗಲೂ ಫೋನು ಕೈಯಲ್ಲೇ ಇತ್ತು.

ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಎಲೆಯ ವಿಷಯಕ್ಕೇ ಬರುತ್ತೇನೆ. ನಿನ್ನೆ ರಾತ್ರಿ ಕಡುನೀಲಿಯನ್ನು ಸೂಜಿಯಂತೆ ಚೂಪು ಮಾಡಿ, ಆ ಮಡಿಕೆಯೊಳಗೆ ಸಣ್ಣ ಸಣ್ಣ ಸುತ್ತುಗಳಲ್ಲಿ, ಒತ್ತದೆ, ಪದರದ ಮೇಲೆ ಪದರ ಹಾಕಿದೆ. ಐದನೆಯ ಪದರಕ್ಕೆ ಕೈ ನಡುಗಿತು. ಏಳನೆಯದು ಮುಗಿದಾಗ, ನಾನು ಮುಟ್ಟಿಯೇ ಇರದ ಎಡಭಾಗದ ಹೊಳಪು ಕಾಗದದಿಂದ ಮೇಲೆದ್ದಂತೆ ಕಂಡಿತು. ಬೆರಳಿನಿಂದ ಸವರಿ ನೋಡಬೇಕೆನಿಸಿತು, ಸವರಿದೆ ಕೂಡ.

ಅಂದ ಹಾಗೆ ಆ ಕಡುನೀಲಿ ಪೆನ್ಸಿಲು ನಿನ್ನದೇ, ನೀನು ಎಲ್ಲೆಡೆ ಹುಡುಕಿದ ಆ ಗಿಡ್ಡನೆಯದು. ಈಗ ಇನ್ನಷ್ಟು ಗಿಡ್ಡವಾಗಿದೆ. ನಾಳೆ ಹೂವನ್ನು ಶುರು ಮಾಡುತ್ತೇನೆ. ಕೆಂಪು ಎಸಳಿನ ನೆರಳಿಗೆ ಹಸಿರನ್ನು ಎಷ್ಟು ಬೆರೆಸಲಿ ಎಂದು ಕೇಳಲು ಸಂಜೆ ಫೋನು ಮಾಡುತ್ತೇನೆ, ಎತ್ತಿಕೋ.

ನಿನ್ನ,
ಮೂರನೆಯ ಎಲೆಯವನು